ನಡುಗಡಲಿನ ಲಾಗ್ ಪುಸ್ತಕ

ನಮ್ಮ ಕಾಸರಗೋಡಿನ ಕಡಲ ತೀರದ ಊರುಗಳಲ್ಲಿ, ಅದರಲ್ಲಿಯೂ ಉದುಮ, ಪಾಲಕುನ್ನು, ಕೋಟಿಕುಳಂ ಭಾಗಗಳಲ್ಲಿ, ವ್ಯಾಪಾರಿ ಹಡಗುಗಳಲ್ಲಿ ಉದ್ಯೋಗ ಮಾಡುವವರ ಮನೆಗಳು ಬಹಳ. ಆ ಮನೆಗಳ ತಾಯಂದಿರಿಗೆ ಪಡುವಣವೆಂದರೆ ಮಗನಿರುವ ದಿಕ್ಕು. ಮಳೆಗಾಲದಲ್ಲಿ ಕಡಲು ಮೊರೆಯತೊಡಗಿದೊಡನೆ ಅವರ ನಿದ್ದೆ ಕೆಡುತ್ತದೆ. ಮಗನ ಹಡಗು ಆಫ್ರಿಕದ ಆಚೆ ಎಲ್ಲಿಯೋ ಇದ್ದರೂ ಸರಿಯೇ, ಇಲ್ಲಿನ ಅಲೆಯ ಸದ್ದಿಗೆ ಅಲ್ಲಿನ ಚಿಂತೆ.

2025ರ ಮಳೆಗಾಲದ ಆರಂಭದಲ್ಲಿ ಆ ಚಿಂತೆ ನಮ್ಮ ತೀರಕ್ಕೇ ಬಂದಿತು. ಮೇ 25ರಂದು ಎಂ.ಎಸ್.ಸಿ. ಎಲ್ಸಾ 3 ಎಂಬ ಸರಕು ಹಡಗು ಕೊಚ್ಚಿಯ ಆಚೆ ಮುಳುಗಿತು. ಅದರಲ್ಲಿದ್ದ 24 ಮಂದಿಯೂ ಬದುಕಿ ಬಂದರು. ಎರಡು ವಾರ ಕಳೆದು ಜೂನ್ 9ರಂದು ಕಣ್ಣೂರಿನ ಕಡಲಾಚೆ ವಾನ್ ಹೈ 503 ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿದ್ದ 22 ಮಂದಿಯಲ್ಲಿ 18 ಮಂದಿಯನ್ನು ಪಾರುಮಾಡಲಾಯಿತು, ನಾಲ್ವರು ಕಾಣೆಯಾದರು.

ಇಂತಹ ಸುದ್ದಿಯನ್ನು ಓದಿದಾಗ ಯಾರ ಮನಸ್ಸಿನಲ್ಲಿಯೂ ಮೂರು ಪ್ರಶ್ನೆಗಳು ಏಳುತ್ತವೆ. ಸಹಾಯಕ್ಕಾಗಿ ಕರೆದವರು ಯಾರು? ಕೇಳಿಸಿಕೊಂಡವರು ಯಾರು? ಆಗ ಎಷ್ಟು ಗಂಟೆಯಾಗಿತ್ತು? ಈ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯಬೇಕೆಂಬ ಉದ್ದೇಶದಿಂದಲೇ ಹಡಗಿನಲ್ಲಿ ಒಂದು ಪುಸ್ತಕವನ್ನು ಇರಿಸಿರುತ್ತಾರೆ. ಅದರ ಹೆಸರು ರೇಡಿಯೋ ಲಾಗ್. ಹಡಗಿನ ನಿಸ್ತಂತು ಯಂತ್ರದ ಬಳಿ ಕುಳಿತವನು ಏನನ್ನು ಬರೆಯಬೇಕು, ಹೇಗೆ ಬರೆಯಬೇಕು, ಏನನ್ನು ಬರೆಯಕೂಡದು ಎಂಬುದಕ್ಕೆ ಜಗತ್ತಿನ ರಾಷ್ಟ್ರಗಳೆಲ್ಲ ಕೂಡಿ ಒಪ್ಪಿದ ನಿಯಮಗಳಿವೆ. ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳ ನಡುವೆಯೇ ಆಯುಷ್ಯ ಸವೆಸುತ್ತಿರುವ ನಮ್ಮಂತಹ ಉಪಾಧ್ಯಾಯರಿಗೆ ಈ ನಿಯಮಗಳಲ್ಲಿ ವಿಶೇಷವಾದ ಆಸಕ್ತಿ ಹುಟ್ಟುವುದು ಸಹಜ. ಹಡಗಿನವರ ಮನೆಮಂದಿಯೂ ಇವನ್ನು ತಿಳಿದಿದ್ದರೆ ಒಳಿತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮರದ ತುಂಡಿನಿಂದ ಪುಸ್ತಕ

ಲಾಗ್ ಎಂಬ ಇಂಗ್ಲಿಷ್ ಶಬ್ದಕ್ಕೆ ಮರದ ತುಂಡು ಎಂದು ಅರ್ಥ. ಹಾಯಿಹಡಗುಗಳ ಕಾಲದಲ್ಲಿ ಗಂಟುಗಳನ್ನು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂದು ಎಣಿಸಿ ಹಡಗಿನ ವೇಗವನ್ನು ಕಂಡುಕೊಳ್ಳುತ್ತಿದ್ದರು. ಆ ಲೆಕ್ಕವನ್ನು ಬರೆಯುವ ಪುಸ್ತಕ ಲಾಗ್ ಪುಸ್ತಕವಾಯಿತು. ಕಾಲಕ್ರಮದಲ್ಲಿ ಗಾಳಿ, ಮಳೆ, ದಿಕ್ಕು, ಅವಘಡ ಎಲ್ಲವೂ ಅದರಲ್ಲಿ ಸೇರಿದವು.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮಾರ್ಕೋನಿಯ ನಿಸ್ತಂತು ಯಂತ್ರಗಳು ಹಡಗುಗಳನ್ನು ಏರಿದಾಗ, ಅವುಗಳನ್ನು ನಡೆಸುವ ತರುಣರಿಗೂ ಒಂದು ದಿನಚರಿಯನ್ನು ಇಡುವ ಕರ್ತವ್ಯ ಬಂದಿತು. ಮಾರ್ಕೋನಿ ಕಂಪೆನಿಯವರು ಅದನ್ನು ಫ್ರೆಂಚ್ ಹೆಸರಿನಿಂದ ಪ್ರೋಸೆ-ವೆರ್ಬಾಲ್ ಎಂದೂ, ಚುಟುಕಾಗಿ ಪಿ.ವಿ. ಎಂದೂ ಕರೆಯುತ್ತಿದ್ದರು. ಯಾವ ಹಡಗಿನೊಡನೆ ಎಷ್ಟು ಹೊತ್ತಿಗೆ ಮಾತನಾಡಿದೆವು, ಏನು ಕೇಳಿಸಿತು ಎಂಬುದೇ ಅದರಲ್ಲಿದ್ದ ವಿಷಯ. ಅಂದಿನ ಮಟ್ಟಿಗೆ ಅದರ ಮುಖ್ಯ ಪ್ರಯೋಜನ ಕಂಪೆನಿಯ ವ್ಯವಹಾರಕ್ಕೆ. ಪ್ರಯಾಣಿಕರು ಕಳುಹಿಸುತ್ತಿದ್ದ ಖಾಸಗಿ ಸಂದೇಶಗಳಿಂದ ಹಣ ಬರುತ್ತಿತ್ತು. ಈ ಪುಸ್ತಕ ಮನುಷ್ಯರ ಪ್ರಾಣದ ಲೆಕ್ಕವೂ ಹೌದೆಂದು ಜಗತ್ತಿಗೆ ಅರಿವಾದುದು 1912ರಲ್ಲಿ.

ಟೈಟಾನಿಕ್ ಕಲಿಸಿದ ಪಾಠ

ಟೈಟಾನಿಕ್ ಹಡಗು 1912ರ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಹಿಮದ ಗುಡ್ಡೆಗೆ ತಾಗಿ, 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಮುಳುಗಿತು. ಸಾವಿರದ ಐನೂರಕ್ಕೂ ಹೆಚ್ಚು ಜನ ಸತ್ತರು. ಈ ಕಥೆಯನ್ನು ಅರಿಯದವರಿಲ್ಲ. ಆದರೆ ಅದರ ನಿಸ್ತಂತು ಕೋಣೆಯ ಕಥೆಯನ್ನು ತಿಳಿದವರು ಕಡಿಮೆ.

ಅಂದು ಸಮೀಪದ ಹಡಗುಗಳಿಂದ ಹಿಮದ ಎಚ್ಚರಿಕೆಗಳು ಒಂದರ ಹಿಂದೊಂದು ಬಂದಿದ್ದವು. ರಾತ್ರಿ ಸುಮಾರು 9 ಗಂಟೆ 40 ನಿಮಿಷಕ್ಕೆ ಮೆಸಾಬಾ ಎಂಬ ಹಡಗು ಕಳುಹಿಸಿದ ಎಚ್ಚರಿಕೆ, ಹಡಗನ್ನು ನಡೆಸುವ ಅಧಿಕಾರಿಗಳಿರುವ ಮೇಲಟ್ಟಕ್ಕೆ ತಲುಪಿದ ಕುರುಹು ವಿಚಾರಣೆಯಲ್ಲಿ ಸಿಗಲಿಲ್ಲ. ಟೈಟಾನಿಕ್ಕಿನ ನಿಸ್ತಂತು ಚಾಲಕ ಜಾಕ್ ಫಿಲಿಪ್ಸ್ ಪ್ರಯಾಣಿಕರ ಸಂದೇಶಗಳನ್ನು ದಡಕ್ಕೆ ಕಳುಹಿಸುವ ಕೆಲಸದಲ್ಲಿ ಮುಳುಗಿದ್ದನು. ರಾತ್ರಿ 11ರ ಹೊತ್ತಿಗೆ ಕ್ಯಾಲಿಫೋರ್ನಿಯನ್ ಹಡಗಿನ ಚಾಲಕ ಸಿರಿಲ್ ಇವಾನ್ಸ್, ತಮ್ಮ ಹಡಗು ಹಿಮದ ನಡುವೆ ನಿಂತಿದೆಯೆಂದು ತಿಳಿಸಲು ಹೋದಾಗ, ಫಿಲಿಪ್ಸನು ತನ್ನ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೆಂದು ಅವನನ್ನು ಗದರಿಸಿ ಸುಮ್ಮನಾಗಿಸಿದನು. ಹಗಲೆಲ್ಲ ದುಡಿದಿದ್ದ ಇವಾನ್ಸ್ ಅರ್ಧ ಗಂಟೆಯ ಬಳಿಕ ಯಂತ್ರವನ್ನು ನಿಲ್ಲಿಸಿ ಮಲಗಿದನು. ಆ ಹಡಗಿನಲ್ಲಿ ಅವನನ್ನು ಬಿಟ್ಟರೆ ಬೇರೆ ನಿಸ್ತಂತು ಚಾಲಕನಿರಲಿಲ್ಲ. ಅವನು ಮಲಗಿದ ಕೆಲವೇ ನಿಮಿಷಗಳಲ್ಲಿ ಟೈಟಾನಿಕ್ ಹಿಮಕ್ಕೆ ತಾಗಿತು.

ಸುಮಾರು 58 ಮೈಲಿ ದೂರದಲ್ಲಿದ್ದ ಕಾರ್ಪೇಥಿಯಾ ಹಡಗಿನ ಚಾಲಕ ಹೆರಾಲ್ಡ್ ಕಾಟಮನೂ ಮಲಗುವ ಸಿದ್ಧತೆಯಲ್ಲಿದ್ದನು. ಕಿವಿಯ ಸಾಧನವನ್ನು ಇನ್ನೂ ತೆಗೆದಿರಿಸಿರಲಿಲ್ಲ, ಅಷ್ಟೆ. ಆ ಅಲ್ಪ ಕಾರಣದಿಂದ ಅವನು ಕರೆಯನ್ನು ಕೇಳಿದನು. ಸುಮಾರು ಏಳುನೂರು ಜನ ಬದುಕಿದರು. ಕ್ಯಾಲಿಫೋರ್ನಿಯನ್ ಎಷ್ಟು ದೂರದಲ್ಲಿತ್ತೆಂಬ ಚರ್ಚೆ ಇಂದಿಗೂ ಮುಗಿದಿಲ್ಲವಾದರೂ, ಕಾರ್ಪೇಥಿಯಾಕ್ಕಿಂತ ಬಹಳ ಹತ್ತಿರದಲ್ಲಿತ್ತೆಂಬುದು ನಿಶ್ಚಯ.

ಅನಂತರ ವಿಚಾರಣೆ ನಡೆಯಿತು. ಫಿಲಿಪ್ಸ್ ಸತ್ತಿದ್ದನು. ಅವನ ಪಿ.ವಿ. ಹಡಗಿನೊಡನೆ ಸಮುದ್ರದ ತಳವನ್ನು ಸೇರಿತ್ತು. ಹಾಗಾದರೆ ಆ ರಾತ್ರಿ ಟೈಟಾನಿಕ್ ಯಾವಾಗ ಏನೆಂದು ಕರೆಯಿತೆಂಬುದನ್ನು ತಿಳಿಯುವ ಬಗೆ ಹೇಗೆ? ಆ ಕರೆಗಳನ್ನು ಕೇಳಿದ್ದ ಇತರ ಹಡಗುಗಳ ಚಾಲಕರು ಮತ್ತು ದಡದ ಕೇಪ್ ರೇಸ್ ನಿಲಯದವರು ತಮ್ಮ ತಮ್ಮ ಪುಸ್ತಕಗಳಲ್ಲಿ ಗುರುತಿಸಿಕೊಂಡಿದ್ದ ಸಾಲುಗಳೇ ಗತಿಯಾದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಗಾಳಿಯಲ್ಲಿ ಹೋಗುವ ಸಂಕೇತವೂ ಹಾಗೆಯೇ. ಆಡಿದವನ ಬಳಿ ಉಳಿಯದಿದ್ದರೂ, ಕೇಳಿದವನು ಬರೆದಿಟ್ಟರೆ ಅದು ಉಳಿಯುತ್ತದೆ.

ಇನ್ನೊಂದು ತೊಡಕೂ ಬಂದಿತು. ಒಂದು ಪುಸ್ತಕದಲ್ಲಿ ನ್ಯೂಯಾರ್ಕಿನ ಗಂಟೆ, ಮತ್ತೊಂದರಲ್ಲಿ ಆಯಾ ಹಡಗಿನ ಗಂಟೆ. ಆ ಕಾಲದಲ್ಲಿ ಹಡಗಿನ ಗಡಿಯಾರವನ್ನು ಸೂರ್ಯನ ಸ್ಥಾನವನ್ನು ನೋಡಿ ದಿನದಿನವೂ ತಿದ್ದುತ್ತಿದ್ದುದರಿಂದ, ಎರಡು ಹಡಗುಗಳ ಗಂಟೆ ಒಂದೇ ಆಗಿರುತ್ತಿರಲಿಲ್ಲ. ಟೈಟಾನಿಕ್ಕಿನ ಗಡಿಯಾರಕ್ಕೂ ನ್ಯೂಯಾರ್ಕಿನ ಗಡಿಯಾರಕ್ಕೂ ಇದ್ದ ಅಂತರದ ವಿಷಯದಲ್ಲಿ ಅಮೆರಿಕದ ವಿಚಾರಣೆ ಒಂದು ಲೆಕ್ಕವನ್ನೂ ಬ್ರಿಟನ್ನಿನ ವಿಚಾರಣೆ ಇನ್ನೊಂದು ಲೆಕ್ಕವನ್ನೂ ಹಿಡಿದವು.

ಎಲ್ಲಕ್ಕಿಂತ ಕಹಿಯಾದ ಸಂಗತಿ ಕ್ಯಾಲಿಫೋರ್ನಿಯನ್ ಹಡಗಿನದು. ಅದರ ಅಧಿಕಾರಿಗಳು ಆ ರಾತ್ರಿ ದೂರದಲ್ಲಿ ಬಿಳಿಯ ಬಾಣಬಿರುಸುಗಳನ್ನು ಕಂಡಿದ್ದರು. ಆದರೆ ಹಡಗಿನ ಲಾಗ್ ಪುಸ್ತಕದಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಆ ಹೊತ್ತಿನ ಕಚ್ಚಾ ಬರಹವನ್ನು ಎಂದಿನ ಪದ್ಧತಿಯಂತೆ ನಾಶಮಾಡಲಾಗಿತ್ತು. ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಆ ಹಡಗಿನ ನಾಯಕ ಸ್ಟಾನ್ಲಿ ಲಾರ್ಡನ ಪರವಾಗಿಯೂ ವಿರುದ್ಧವಾಗಿಯೂ ಗ್ರಂಥಗಳು ಬರುತ್ತಲೇ ಇವೆ. ಆ ಗಂಟೆಯಲ್ಲಿಯೇ ಬರೆದ ನಾಲ್ಕು ಸಾಲುಗಳು ಉಳಿದಿದ್ದರೆ ಅವನಿಗೆ ಶಿಕ್ಷೆಯೋ ರಕ್ಷೆಯೋ ಅಂದೇ ದೊರೆಯುತ್ತಿತ್ತು.

ನಿಯಮಗಳು ಹೇಳುವುದೇನು?

1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದವು. ಅದೇ ವರ್ಷ ಯುದ್ಧ ಆರಂಭವಾದುದರಿಂದ ಅದು ಜಾರಿಗೆ ಬರಲಿಲ್ಲ. 1929, 1948, 1960, 1974 ಹೀಗೆ ಹೊಸ ಒಪ್ಪಂದಗಳು ಬಂದವು. 1974ರ ಒಪ್ಪಂದವೇ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತ ಇಂದಿಗೂ ನಡೆದಿದೆ. ಸೋಲಾಸ್ ಎಂದು ಹಡಗಿನವರು ಹೇಳುವುದು ಇದನ್ನೇ. ಅದರ ನಾಲ್ಕನೆಯ ಅಧ್ಯಾಯ ನಿಸ್ತಂತುವಿಗೆ ಮೀಸಲು. ಸಮುದ್ರದಲ್ಲಿ ಜೀವರಕ್ಷಣೆಗೆ ಮಹತ್ತ್ವದ್ದೆಂದು ತೋರುವ, ನಿಸ್ತಂತು ಸೇವೆಗೆ ಸಂಬಂಧಿಸಿದ ಎಲ್ಲ ಘಟನೆಗಳನ್ನೂ ದಾಖಲಿಸಿ ಇಡತಕ್ಕದ್ದು ಎಂಬುದು ಅಲ್ಲಿನ ವಿಧಿಯ ತಿರುಳು.

ಈ ವಿಧಿಯನ್ನು ಆಚರಣೆಗೆ ತರುವ ಸೂತ್ರಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

ಒಂದನೆಯದಾಗಿ, ಅಪಾಯ, ತುರ್ತು, ಸುರಕ್ಷತೆ ಈ ಮೂರು ಬಗೆಯ ಕರೆಗಳ ಸಾರಾಂಶವನ್ನು ಬರೆಯಲೇಬೇಕು. ಕರೆ ತನ್ನ ಹಡಗಿಗೇ ಬಂದುದಾಗಿರಬೇಕೆಂದಿಲ್ಲ. ಬೇರೆಯವರ ಕರೆ ಕಿವಿಗೆ ಬಿದ್ದರೂ ಬರೆಯಬೇಕು.

ಎರಡನೆಯದಾಗಿ, ಯಂತ್ರ ಕೆಟ್ಟಿತೇ, ದುರಸ್ತಿಯಾಯಿತೇ, ದಡದ ನಿಲಯ ಉತ್ತರಿಸಲಿಲ್ಲವೇ, ಇವೆಲ್ಲ ದಾಖಲೆಗೆ ಬರಬೇಕು.

ಮೂರನೆಯದಾಗಿ, ಹಡಗು ಎಲ್ಲಿದೆಯೆಂಬುದನ್ನು ದಿನಕ್ಕೊಮ್ಮೆಯಾದರೂ ಗುರುತಿಸಬೇಕು.

ನಾಲ್ಕನೆಯದಾಗಿ, ಗಂಟೆ. ಹಡಗು ಎಲ್ಲಿಯೇ ಇರಲಿ, ನಿಸ್ತಂತು ಪುಸ್ತಕದಲ್ಲಿ ಬರೆಯುವ ಗಂಟೆ ಜಾಗತಿಕ ಕಾಲಮಾನದ್ದು. ಹಿಂದೆ ಗ್ರೀನಿಚ್ ಕಾಲವೆಂದು ಹೇಳುತ್ತಿದ್ದುದಕ್ಕೆ ಸಮನಾದದ್ದು. ನಮ್ಮ ಭಾರತದ ಗಂಟೆ ಅದಕ್ಕಿಂತ ಐದೂವರೆ ತಾಸು ಮುಂದಿದೆ. ನಮ್ಮಲ್ಲಿ ಸಂಜೆ ಆರೂವರೆಗೆ ದೀಪ ಹಚ್ಚುವಾಗ ಆ ಪುಸ್ತಕದಲ್ಲಿ 1300 ಎಂದು ಬರೆದಿರುತ್ತದೆ. ಟೈಟಾನಿಕ್ ವಿಚಾರಣೆಯ ಗೊಂದಲಕ್ಕೆ ಮದ್ದು ಇದೇ.

ಐದನೆಯದಾಗಿ, ತಿದ್ದುವ ಕ್ರಮ. ಬರೆದುದನ್ನು ಅಳಿಸಕೂಡದು, ಮಸಿ ಬಳಿಯಕೂಡದು, ಹಾಳೆ ಹರಿಯಕೂಡದು. ತಪ್ಪಾದರೆ ಬರೆದವನೇ ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ತನ್ನ ಕಿರುಸಹಿ ಮತ್ತು ದಿನಾಂಕವನ್ನು ಹಾಕಬೇಕು. ತಪ್ಪೂ ಓದಲು ಸಿಗಬೇಕು, ತಿದ್ದುಪಡಿಯೂ ಓದಲು ಸಿಗಬೇಕು. ಅಧ್ಯಾಪಕ ತರಬೇತಿಯಲ್ಲಿ ಶಾಲಾ ದಾಖಲೆಗಳ ಬಗೆಗೆ ನಮಗೆ ಕಲಿಸಿದುದೂ ಇದನ್ನೇ. ಅಳಿಸಿದ ಜಾಗ ಕಂಡರೆ ನೋಡುವವನಿಗೆ ಅಲ್ಲಿ ಏನಿತ್ತೋ ಎಂಬ ಸಂಶಯ ಹುಟ್ಟುತ್ತದೆ. ಗೆರೆ ಎಳೆದ ಜಾಗದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ಆರನೆಯದಾಗಿ, ಕಾಪಾಡುವ ಅವಧಿ. ಇದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಿಯಮದಲ್ಲಿ ಸಾಮಾನ್ಯ ಪುಸ್ತಕವನ್ನು ಎರಡು ವರ್ಷ, ಅಪಾಯದ ಕರೆಗೆ ಸಂಬಂಧಿಸಿದುದನ್ನು ಮೂರು ವರ್ಷ ಇಡಬೇಕು. ವಿಚಾರಣೆಯಲ್ಲಿರುವ ಪುಸ್ತಕವನ್ನಂತೂ ಲಿಖಿತ ಅನುಮತಿಯಿಲ್ಲದೆ ನಾಶಮಾಡುವಂತಿಲ್ಲ.

ಏನನ್ನು ಬರೆಯಕೂಡದು ಎಂಬುದಕ್ಕೂ ನಿಯಮವಿದೆ. ನಿಸ್ತಂತು ಚಾಲಕನ ಕಿವಿಗೆ ಇತರರ ಖಾಸಗಿ ಮಾತುಗಳು ಬೀಳುತ್ತವೆ. ಒಬ್ಬನ ಮನೆಯಲ್ಲಿ ಮಗು ಹುಟ್ಟಿದ ಸುದ್ದಿ, ಇನ್ನೊಬ್ಬನ ಸಾಲದ ಸುದ್ದಿ, ಮತ್ತೊಬ್ಬನ ತಂದೆ ತೀರಿಕೊಂಡ ಸುದ್ದಿ. ಅಂತರರಾಷ್ಟ್ರೀಯ ನಿಯಮಗಳು ಈ ಪತ್ರವ್ಯವಹಾರದ ಗುಟ್ಟನ್ನು ಕಾಯಬೇಕೆಂದು ವಿಧಿಸುತ್ತವೆ. ಪ್ರಾಣಾಪಾಯದ ಕೂಗನ್ನು ಎಲ್ಲರಿಗೂ ತಿಳಿಯುವಂತೆ ಬರೆ, ಮನೆಯ ಮಾತನ್ನು ಯಾರಿಗೂ ತಿಳಿಯದಂತೆ ಮರೆ. ಒಂದೇ ಕುರ್ಚಿಯಲ್ಲಿ ಕುಳಿತವನಿಗೆ ಈ ಎರಡು ಧರ್ಮಗಳು.

ಮೌನದ ನಿಮಿಷಗಳು

ಹಳೆಯ ಹಡಗುಗಳ ನಿಸ್ತಂತು ಕೋಣೆಯ ಗಡಿಯಾರದ ಚಿತ್ರವನ್ನು ನೋಡಿದವರಿಗೆ ಅದರ ಮುಖದ ಮೇಲೆ ಕೆಂಪು ಮತ್ತು ಹಸಿರು ಬಣ್ಣದ ತುಂಡುಗಳು ಕಾಣಿಸಿರಬಹುದು. ಮೋರ್ಸ್ ಸಂಕೇತಗಳ ಅಪಾಯದ ಕರೆಗೆ 500 ಕಿಲೋಹರ್ಟ್ಸ್ ತರಂಗ ಮೀಸಲಾಗಿತ್ತು. ಪ್ರತಿ ಗಂಟೆಯ 15ನೆಯ ನಿಮಿಷದಿಂದ 18ರವರೆಗೆ, 45ರಿಂದ 48ರವರೆಗೆ ಜಗತ್ತಿನ ಎಲ್ಲ ಹಡಗುಗಳೂ ಆ ತರಂಗದಲ್ಲಿ ಬಾಯಿ ಮುಚ್ಚಿ ಕಿವಿಗೊಡಬೇಕಿತ್ತು. ಕ್ಷೀಣವಾದ ಕೂಗೊಂದು ಗದ್ದಲದಲ್ಲಿ ಅಡಗಿಹೋಗಬಾರದೆಂಬುದೇ ಇದರ ಉದ್ದೇಶ. ಕೆಂಪು ತುಂಡುಗಳು ಈ ಮೌನದ ಗುರುತು. ಮಾತಿನ ರೇಡಿಯೋದ 2182 ಕಿಲೋಹರ್ಟ್ಸ್ ತರಂಗಕ್ಕೆ ಗಂಟೆಯ ಮೊದಲ ಮೂರು ನಿಮಿಷ ಮತ್ತು 30ರಿಂದ 33ರವರೆಗೆ ಮೌನ. ಅದಕ್ಕೆ ಹಸಿರು ಗುರುತು.

ಲೆಕ್ಕ ಹಾಕಿದರೆ ಒಂದೊಂದು ತರಂಗದಲ್ಲಿಯೂ ಗಂಟೆಗೆ ಆರು ನಿಮಿಷ, ದಿನಕ್ಕೆ 144 ನಿಮಿಷಗಳ ಮೌನ. ಕಾವಲಿನಲ್ಲಿದ್ದ ಚಾಲಕ ಈ ಮೌನವನ್ನು ಪಾಲಿಸಿದೆನೆಂಬುದನ್ನೂ ಬರೆಯಬೇಕಿತ್ತು. ಏನೂ ಕೇಳಿಸಲಿಲ್ಲವೆಂದರೆ, ಏನೂ ಕೇಳಿಸಲಿಲ್ಲ ಎಂದೇ ಬರೆಯಬೇಕು. ಹೊರಗಿನವರಿಗೆ ಇದು ವ್ಯರ್ಥವಾಗಿ ತೋರಬಹುದು. ಆದರೆ ಬರಿದಾದ ಹಾಳೆಗೆ ಎರಡು ಅರ್ಥಗಳಿವೆ: ಕರೆ ಬರಲಿಲ್ಲವೆಂಬುದು ಒಂದು, ಕೇಳುವವನೇ ಇರಲಿಲ್ಲವೆಂಬುದು ಇನ್ನೊಂದು. ಈ ಎರಡರ ನಡುವಣ ವ್ಯತ್ಯಾಸವನ್ನು ಆ ಒಂದು ಸಾಲು ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗೂ ಗುರುತು ಹಾಕದೆ ಖಾಲಿ ಬಿಟ್ಟರೆ ಆಗುವ ತೊಂದರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚಾಲಕ ಮಲಗಿದ ಹೊತ್ತಿಗೂ ಉಪಾಯ ಕಂಡುಹಿಡಿದರು. ನಾಲ್ಕು ಸೆಕೆಂಡುಗಳ ಹನ್ನೆರಡು ಉದ್ದ ಸಂಕೇತಗಳು, ನಡುವೆ ಒಂದೊಂದು ಸೆಕೆಂಡಿನ ಬಿಡುವು, ಹೀಗೆ ಒಂದು ನಿಮಿಷದ ಎಚ್ಚರಿಕೆ. ಅದನ್ನು ಗುರುತಿಸಿದ ಯಂತ್ರ ತಾನೇ ಗಂಟೆ ಬಾರಿಸಿ ಚಾಲಕನನ್ನು ಎಬ್ಬಿಸುತ್ತಿತ್ತು. ಸಿರಿಲ್ ಇವಾನ್ಸನ ಹಾಸಿಗೆಯ ಬಳಿ ಅಂತಹ ಗಂಟೆಯೊಂದು ಇದ್ದಿದ್ದರೆ ಎಂದು ಯೋಚಿಸಿದವರ ದುಡಿಮೆಯ ಫಲವಿದು.

ತಡವಾದ ಕರೆ

ಕೇಳುವವನು ಎಚ್ಚರವಾಗಿದ್ದರೂ ಕರೆಯುವವನು ತಡಮಾಡಿದರೆ ಫಲವಿಲ್ಲ. 1928ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ದಕ್ಷಿಣ ಅಮೆರಿಕಕ್ಕೆ ಹೊರಟ ವೆಸ್ಟ್ರಿಸ್ ಎಂಬ ಹಡಗು 11ನೆಯ ತಾರೀಕಿನಂದೇ ಒಂದು ಬದಿಗೆ ವಾಲತೊಡಗಿತ್ತು. ಅಪಾಯದ ಕರೆ ಹೊರಟುದು ಮರುದಿನ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ. ಅಂದೇ ಮಧ್ಯಾಹ್ನ ಹಡಗು ಮುಳುಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ಕರೆಯನ್ನು ಹಡಗಿನ ನಾಯಕನ ಅಪ್ಪಣೆಯಿಂದಲೇ ಕಳುಹಿಸಬೇಕೆಂಬುದು ನಿಯಮ. ಆ ನಾಯಕನೂ ಹಡಗಿನೊಡನೆ ಸತ್ತುದರಿಂದ ಅವನ ಮನಸ್ಸಿನಲ್ಲಿ ಏನಿತ್ತೆಂದು ಕೇಳುವಂತಿರಲಿಲ್ಲ. ಆದರೆ ಕರೆ ಎಷ್ಟು ಗಂಟೆಗೆ ಬಂದಿತೆಂಬುದು ಕೇಳಿದವರ ಪುಸ್ತಕಗಳಲ್ಲಿತ್ತು. ತಡವಾಯಿತೆಂಬ ನಿರ್ಣಯಕ್ಕೆ ವಿಚಾರಣೆಯವರು ಬಂದರು. ಮರುವರ್ಷ ಲಂಡನ್ನಿನಲ್ಲಿ ಸೇರಿದ 1929ರ ಸಮ್ಮೇಳನಕ್ಕೆ ಈ ದುರಂತದ ನೆನಪು ಹಸಿಯಾಗಿಯೇ ಇತ್ತು.

ಇಂದಿನ ಹಡಗಿನಲ್ಲಿ

1999ರ ಫೆಬ್ರವರಿ 1ರಿಂದ ಹೊಸ ಜಾಗತಿಕ ಅಪಾಯ ಮತ್ತು ಸುರಕ್ಷತಾ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಿತು. ಉಪಗ್ರಹಗಳೂ ಗುಂಡಿ ಒತ್ತಿದೊಡನೆ ಕರೆ ಕಳುಹಿಸುವ ಅಂಕೀಯ ಯಂತ್ರಗಳೂ ಬಂದವು. ಮೋರ್ಸ್ ಸಂಕೇತದ ಕಡ್ಡಾಯ ಹೋಯಿತು. ರೇಡಿಯೋ ಆಫೀಸರ್ ಎಂಬ ಪ್ರತ್ಯೇಕ ಉದ್ಯೋಗ ಬಹುತೇಕ ಹಡಗುಗಳಿಂದ ಮರೆಯಾಯಿತು. ಹಡಗು ನಡೆಸುವ ಅಧಿಕಾರಿಗಳೇ ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದು ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ. 2024ರ ಜನವರಿ 1ರಿಂದ ಸೋಲಾಸಿನ ನಾಲ್ಕನೆಯ ಅಧ್ಯಾಯವನ್ನು ಮತ್ತೆ ಹೊಸದಾಗಿ ಪರಿಷ್ಕರಿಸಲಾಗಿದೆ. ಇಷ್ಟೆಲ್ಲ ಬದಲಾದರೂ ಲಾಗ್ ಪುಸ್ತಕ ಹೋಗಲಿಲ್ಲ.

ಇಂದು ಅದರಲ್ಲಿ ಪರೀಕ್ಷೆಗಳ ದಾಖಲೆಗೆ ದೊಡ್ಡ ಸ್ಥಾನ. ಅಂಕೀಯ ಕರೆಯ ಯಂತ್ರವನ್ನು ದಿನವೂ ಪರೀಕ್ಷಿಸಬೇಕು. ಬ್ಯಾಟರಿಯ ಸ್ಥಿತಿಯನ್ನು ದಿನವೂ ನೋಡಬೇಕು. ವಾರಕ್ಕೊಮ್ಮೆ ದಡದ ನಿಲಯದೊಡನೆ ಪರೀಕ್ಷೆಯ ಕರೆ ಮಾಡಬೇಕು. ಹಡಗು ಮುಳುಗಿದರೆ ತೇಲಿ ಬಂದು ಉಪಗ್ರಹಕ್ಕೆ ಕೂಗುವ ಸಾಧನವನ್ನೂ, ರಕ್ಷಣಾ ದೋಣಿಯ ರೇಡಿಯೋಗಳನ್ನೂ ತಿಂಗಳಿಗೊಮ್ಮೆ ನೋಡಬೇಕು. ನೋಡಿದುದನ್ನು ಗಂಟೆಸಮೇತ ಬರೆದು ಸಹಿ ಹಾಕಬೇಕು. ನೋಡದೆಯೇ ಬರೆದರೆ? ಯಾರಿಗೂ ತಿಳಿಯದು, ಅಪಾಯದ ದಿನ ಬರುವ ತನಕ.

ಈ ನಿಯಮಗಳಲ್ಲಿ ನಮಗೆ ಬಹಳ ಹಿಡಿಸಿದ ಒಂದು ಮಾತಿದೆ. ಕೈತಪ್ಪಿ ಗುಂಡಿ ಒತ್ತಿ ಸುಳ್ಳು ಅಪಾಯದ ಕರೆ ಹೋದರೆ ಏನು ಮಾಡಬೇಕು? ಒಡನೆಯೇ ಅದನ್ನು ರದ್ದುಮಾಡಿ, ಎಲ್ಲರಿಗೂ ತಿಳಿಸಿ, ಪುಸ್ತಕದಲ್ಲಿ ಬರೆಯಬೇಕು. ಹಾಗೆ ತಾವಾಗಿ ತಿಳಿಸಿ ರದ್ದುಮಾಡಿದವರ ಮೇಲೆ ಸಾಮಾನ್ಯವಾಗಿ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲವೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಮತ್ತೆ ಮತ್ತೆ ತಪ್ಪುವವರ ಮಾತು ಬೇರೆ. ಶಿಕ್ಷೆಯ ಭಯವಿದ್ದಲ್ಲಿ ಮಕ್ಕಳು ಮುಚ್ಚಿಡಲು ಕಲಿಯುತ್ತಾರೆಂಬುದನ್ನು ಅರಿತವರು ಬರೆದ ನಿಯಮವೆಂದೇ ನಾವು ಇದನ್ನು ಓದಿದೆವು. ಸುಳ್ಳು ಕರೆಯನ್ನು ಮುಚ್ಚಿಟ್ಟರೆ, ಅಲ್ಲಿ ಯಾರೂ ಮುಳುಗುತ್ತಿಲ್ಲದಿದ್ದರೂ ರಕ್ಷಣಾ ಹಡಗುಗಳು ಹುಡುಕುತ್ತಲೇ ಇರುತ್ತವೆ. ನಿಜವಾಗಿ ಮುಳುಗುತ್ತಿರುವವನು ಬೇರೆಡೆ ಕಾಯುತ್ತಿರುತ್ತಾನೆ.

ಕಡಲಿಗೆ ಹೊರಡುವ ನಮ್ಮ ತರುಣರಿಗೆ ಹಿರಿಯರು ಹೇಳಿ ಕಳುಹಿಸುವ ಬುದ್ಧಿಮಾತುಗಳು ಅನೇಕ. ಅವುಗಳ ಜೊತೆಗೆ ಇದೂ ಒಂದಿರಲಿ: ಬರೆಯುವ ಸರದಿ ನಿನ್ನದಾದಾಗ ಕಂಡದ್ದನ್ನು ಕಂಡ ಗಂಟೆಯಲ್ಲಿಯೇ ಬರೆ, ಕಾಣದ್ದನ್ನು ಬರೆಯಬೇಡ. ಕಾವಲು ಬದಲಾಗುವ ಹೊತ್ತಿನಲ್ಲಿ, ಕಣ್ಣು ಎಳೆಯುವ ನಸುಕಿನಲ್ಲಿ, ಒಂದು ಸಾಲು ಹೆಚ್ಚಾಗಿ ಬರೆಯುವುದು ಬೇಸರದ ಕೆಲಸವೆಂಬುದನ್ನು ಬಲ್ಲೆವು. ಆದರೆ ಮರಳಿ ಬಾರದವರ ಮನೆಗಳಲ್ಲಿ, ಕೊನೆಯ ಬಾರಿ ಹಡಗು ಎಲ್ಲಿತ್ತು, ಕೊನೆಯ ಮಾತು ಎಷ್ಟು ಗಂಟೆಗೆ ಬಂದಿತು, ಯಾರಾದರೂ ಕೇಳಿಸಿಕೊಂಡರೇ ಎಂದು ಕೇಳುವ ತಾಯಂದಿರಿರುತ್ತಾರೆ. ಅವರಿಗೆ ಕೊಡಲು ಕೆಲವೊಮ್ಮೆ ಆ ಒಂದು ಸಾಲನ್ನು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ.